ಮೊದಲು ಮೂಲಂಗಿ, ಆಮೇಲೆ ಪಾಠ

‘ತರಕಾರಿ ತಿನ್ನಿ, ಅದರಲ್ಲಿ ವಿಟಮಿನ್ ಇದೆ’ ಎಂದು ಬೋರ್ಡ್ ಮೇಲೆ ಬರೆದರೆ ಮಕ್ಕಳು ಮುದ್ದಾಗಿ ನೋಟ್‌ಬುಕ್‌ಗೆ ಇಳಿಸಿಕೊಳ್ಳುತ್ತಾರೆ. ಮಧ್ಯಾಹ್ನ ಅದೇ ತರಕಾರಿಯನ್ನು ಬೆರಳ ತುದಿಯಿಂದ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಹಾಗಾಗಿ ಕ್ರಮವನ್ನೇ ತಿರುಗಿಸಿ: ಮೊದಲು ಮಕ್ಕಳೇ ತರಕಾರಿ ಬೆಳೆಯಲಿ, ತಿನ್ನುವ ಮಾತು ಆಮೇಲೆ.

ಬೆಳೆ ಆರಿಸುವಾಗ ನೆಲಕ್ಕಿಂತ ಮಕ್ಕಳ ತಾಳ್ಮೆಯನ್ನು ಅಳೆಯಿರಿ. ಟೊಮೆಟೊ ಹಣ್ಣಾಗಲು ತಿಂಗಳುಗಟ್ಟಲೆ ಬೇಕು. ಉರುಟಾದ ಸಣ್ಣ ಮೂಲಂಗಿ 3ರಿಂದ 5 ದಿನದಲ್ಲಿ ಮೊಳೆತು, 25–30 ದಿನದಲ್ಲಿ ಕೈಗೆ ಬರುತ್ತದೆ. ಮೊದಲ ಸಲಕ್ಕೆ ಇದೇ ಸಾಕು. ಬೀಜಕ್ಕೆ ಗುಲಾಬಿ ಅಥವಾ ಹಸಿರು ಬಣ್ಣದ ಲೇಪವಿದ್ದರೆ ಔಷಧಿ ಹಚ್ಚಿದ್ದಿರಬಹುದು. ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ತಳದಲ್ಲಿ ತೂತಿರುವ, 15 ಸೆಂ.ಮೀ. ಆಳದ ಯಾವ ಕುಂಡವಾದರೂ ಆದೀತು. ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ಗೊಬ್ಬರ ಚೆನ್ನಾಗಿ ಕಳಿತಿರಲಿ, ಹಸಿ ಸಗಣಿ ಬೇಡ. ಅದರಲ್ಲಿ ರೋಗಾಣುಗಳಿರಬಹುದು, ಮೂಲಂಗಿಯನ್ನಂತೂ ಹಸಿಯಾಗಿಯೇ ತಿನ್ನುತ್ತೇವೆ.

ಬಿತ್ತುವ ಆಳ ಒಂದು ಸೆಂ.ಮೀ. ಮಗುವಿಗೆ ಹೇಳುವಾಗ ‘ಉಗುರು ಮುಚ್ಚುವಷ್ಟು’ ಎಂದರೆ ಮುಗಿಯಿತು. ಗುಳಿಯಿಂದ ಗುಳಿಗೆ 5 ಸೆಂ.ಮೀ. ದೂರವನ್ನು ಸ್ಕೇಲ್ ಇಟ್ಟು ಅವರೇ ಅಳೆಯಲಿ, ಗಣಿತವೂ ಆಯಿತು. ಪ್ರತಿ ಗುಳಿಗೆ ಎರಡು ಬೀಜ, ಪಕ್ಕದಲ್ಲಿ ಮಗುವಿನ ಹೆಸರು ಬರೆದ ಕಡ್ಡಿ. ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದದ ಅರ್ಥವೇ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ ಪ್ರತಿ ಮಗುವಿಗೂ ತನ್ನದೇ ಪಾತಿ ಇರಬೇಕೆಂದಿದ್ದರು. ಗುಳಿಯ ಎರಡೂ ಬೀಜ ಮೊಳೆತರೆ ಒಂದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಮಕ್ಕಳ ಗಿಡ ಸಾಯುವುದು ಹೆಚ್ಚಾಗಿ ನೀರು ಸಾಲದೆ ಅಲ್ಲ, ಪ್ರೀತಿಯಿಂದ ಸುರಿದ ನೀರು ಹೆಚ್ಚಾಗಿ! ಮಣ್ಣಿಗೆ ಬೆರಳಿಟ್ಟು ನೋಡಲಿ, ಮೊದಲ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು. ದಿನಕ್ಕೆ ಇಬ್ಬರ ಪಾಳಿ ಹಾಕಿ. ಹಾಗೆಂದು ದಿನಗಟ್ಟಲೆ ಒಣಗಿಸಿ ಒಮ್ಮೆಲೇ ನೀರುಣಿಸಿದರೆ ಗಡ್ಡೆ ಸೀಳುತ್ತದೆ.

ಕಾಯುವ ಈ ದಿನಗಳಲ್ಲೇ ಆಹಾರದ ಪಾಠ ಶುರುಮಾಡಿ. ಕ್ಯಾರೆಟ್ ಬೇರು, ಪಾಲಕ್ ಎಲೆ, ಹೂಕೋಸು ಹೂವು. ಆಲೂಗಡ್ಡೆ ಏನು ಎಂದು ಕೇಳಿ. ಅದು ಕಾಂಡ ಎಂದರೆ ನಂಬುವುದೇ ಇಲ್ಲ. ಇನ್ನೊಂದು ದಿನ ತಂಪುಪಾನೀಯದ ಖಾಲಿ ಡಬ್ಬಿ ತಂದು ಲೇಬಲ್ ಓದಿಸಿ. 35 ಗ್ರಾಂ ಸಕ್ಕರೆ ಎಂದಿದ್ದರೆ, ಟೀ ಚಮಚಕ್ಕೆ 4 ಗ್ರಾಂ ಲೆಕ್ಕದಲ್ಲಿ ಲೋಟಕ್ಕೆ ಸುರಿಯಲಿ. ಹೆಚ್ಚುಕಮ್ಮಿ ಒಂಬತ್ತು ಚಮಚ. ಅಲ್ಲಿಗೆ ಸುಮ್ಮನಾಗಿ, ಭಾಷಣ ಬೇಡ. ‘ಒಳ್ಳೆ ತಿಂಡಿ, ಕೆಟ್ಟ ತಿಂಡಿ’ ಎಂಬ ಪಟ್ಟಿಯೂ ಬೇಡ. ಊಟದ ಡಬ್ಬಿ ತುಂಬುವುದು ಮಗುವಲ್ಲ. ನಾಚಿಕೆ ಮಾತ್ರ ಅದರ ಪಾಲಿಗೆ ಬರುತ್ತದೆ.

ಗಡ್ಡೆಯ ಭುಜ ಮಣ್ಣಿನ ಮೇಲೆ ಕಂಡು, ಸುಮಾರು 2 ಸೆಂ.ಮೀ. ದಪ್ಪವಾದಾಗ ಕೀಳಿಸಿ. ತಡವಾದರೆ ಬೆಂಡಾಗುತ್ತದೆ. ಯಾವ ಮಗುವಿಗೆ ಯಾವ ಅಲರ್ಜಿ ಎಂದು ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮೂಲಂಗಿ ತೊಳೆದು, 20 ಸೆಕೆಂಡ್ ಸೋಪಿನಲ್ಲಿ ಕೈ ತಿಕ್ಕಿಸಿ, ತೆಳುವಾಗಿ ಹೆಚ್ಚಿ ಕೊಡಿ. ಉಗುಳುವ ಸ್ವಾತಂತ್ರ್ಯವೂ ಇರಲಿ. ಹೊಸ ರುಚಿ ಒಗ್ಗಲು ಎಷ್ಟೋ ಮಕ್ಕಳಿಗೆ ಹತ್ತು ಸಲವಾದರೂ ಬೇಕು. ‘ತಿಂದರೆ ಚಾಕಲೇಟು’ ಎಂದಿರೋ, ಚಾಕಲೇಟಿನ ಬೆಲೆ ಏರಿಸಿದಿರಿ, ಮೂಲಂಗಿಯದ್ದು ಇಳಿಸಿದಿರಿ. ಬದಲಿಗೆ ರುಚಿಗೆ ಪದ ಹುಡುಕಿಸಿ. ಖಾರ, ಚುರುಚುರು, ಕರುಂಕುರುಂ, ‘ಮಣ್ಣಿನ ಹಾಗೆ’, ಎಲ್ಲವನ್ನೂ ಗೋಡೆಯ ಚಾರ್ಟಿಗೆ ಬರೆದು, ಮುಂದಿನ ಸಲಕ್ಕೆ ಪಕ್ಕದಲ್ಲಿ ಜಾಗ ಬಿಡಿ.

ಅಂದೇ ಅದೇ ಕುಂಡದ ಮಣ್ಣು ಸಡಿಲಿಸಿ ಮತ್ತೆ ಬಿತ್ತಬಹುದು. ಆದರೆ ಕ್ಯಾಲೆಂಡರ್ ನೋಡಿ. ರಜೆಗೆ ಐದು ವಾರವೂ ಉಳಿದಿಲ್ಲವಾದರೆ ಬೀಜದ ಪೊಟ್ಟಣವನ್ನು ಕಪಾಟಿನಲ್ಲೇ ಇಟ್ಟುಬಿಡಿ.