ಲೆನ್ಸ್ ಪ್ರೊಫೈಲ್ ಪಟ್ಟಿಯಲ್ಲಿ ಕಾಣದಿದ್ದರೆ ಎಲ್ಲೆಲ್ಲಿ ನೋಡಬೇಕು

ಕಾಸರಗೋಡಿನ ಒಂದು ಸ್ಟುಡಿಯೊದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಲೆನ್ಸ್ ಪ್ರೊಫೈಲ್ ಫೈಲನ್ನು (ಲೆನ್ಸಿನಿಂದ ಬರುವ ಗೆರೆಗಳ ಬಾಗು, ಮೂಲೆಗಳ ಕಪ್ಪು ತಿದ್ದುವ ಲೆಕ್ಕವಿರುವ ಫೈಲು) ಪೆನ್‌ಡ್ರೈವಿನಲ್ಲಿ ಕುಂಬಳೆಗೆ ಒಯ್ದರೆ ಅಲ್ಲಿ ಎಡಿಟಿಂಗ್ ಸಾಫ್ಟ್‌ವೇರಿನ ಪಟ್ಟಿಗೇ ಬರದಿರಬಹುದು. ಆಗ ಫೈಲು ಕೆಟ್ಟಿದೆ ಎಂದು ಅಳಿಸಬೇಡಿ. ಹೆಚ್ಚಾಗಿ ಫೈಲು ಸರಿಯಾಗಿಯೇ ಇರುತ್ತದೆ, ನಿಮ್ಮ ಫೋಟೊಗೂ ಅದಕ್ಕೂ ಹೊಂದಿಕೆಯಾಗಿರುವುದಿಲ್ಲ.

ಮೊದಲು ಸಾಫ್ಟ್‌ವೇರ್ ನೋಡಿ. ಎಲ್‌ಸಿಪಿ ಎಂಬುದು ಅಡೋಬಿ ಕಂಪನಿಯ ಲೆನ್ಸ್ ಪ್ರೊಫೈಲ್ ಫೈಲಿನ ಮಾದರಿ. ಲೈಟ್‌ರೂಮ್, ಫೋಟೊಶಾಪ್, ಕ್ಯಾಮೆರಾ ರಾ ಮಾತ್ರವಲ್ಲದೆ ರಾ ಥೆರಪಿಯೂ ಅದನ್ನು ಓದುತ್ತದೆ. ಡಾರ್ಕ್‌ಟೇಬಲ್ ಓದುವುದಿಲ್ಲ, ಅದು ನೆಚ್ಚಿಕೊಂಡಿರುವುದು ಲೆನ್ಸ್‌ಫನ್ ಡೇಟಾಬೇಸನ್ನು. ಎರಡೂ ಒಳಗೆ ಎಕ್ಸ್‌ಎಂಎಲ್ ಬರಹವೇ ಆದರೂ ಬಾಗನ್ನು ಅಳೆಯುವ ಸೂತ್ರ ಬೇರೆ, ಹಾಗಾಗಿ ಫೈಲ್ ಹೆಸರಿನ ಕೊನೆ ಬದಲಿಸಿದರೆ ಏನೂ ಆಗದು. ಕ್ಯಾಪ್ಚರ್ ಒನ್, ಡಿಎಕ್ಸ್‌ಓ ತಮ್ಮದೇ ಪ್ರೊಫೈಲ್ ಬಳಸುತ್ತವೆ.

ಅಡೋಬಿಯಾದರೆ ಫೈಲಿನ ಜಾಗ ಮುಖ್ಯ. ವಿಂಡೋಸ್‌ನಲ್ಲಿ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ರೋಮಿಂಗ್ ಒಳಗೆ ಅಡೋಬಿ, ಅದರೊಳಗೆ ಕ್ಯಾಮೆರಾ ರಾ, ಲೆನ್ಸ್ ಪ್ರೊಫೈಲ್ಸ್, ಕೊನೆಗೆ 1.0. ಆ್ಯಪ್‌ಡೇಟಾ ಅಡಗಿರುವ ಫೋಲ್ಡರು, ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಒತ್ತಿದರೆ ಕಾಣುತ್ತದೆ. ಫೈಲು ಹಾಕಿದ ಮೇಲೆ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಹೆಚ್ಚು ಜನ ಎಡವುವುದು ರಾ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸಿದ ಫೈಲು) ಮತ್ತು ಜೆಪಿಇಜಿ ನಡುವೆ. ರಾ ಫೈಲುಗಳಿಂದ ಮಾಡಿದ ಪ್ರೊಫೈಲ್ ಲೈಟ್‌ರೂಮಿನಲ್ಲಿ ಜೆಪಿಇಜಿ ತೆರೆದಾಗ ಪಟ್ಟಿಯಲ್ಲಿ ಬರುವುದಿಲ್ಲ. ಎಲ್‌ಸಿಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ‘ಕ್ಯಾಮೆರಾ ರಾ ಪ್ರೊಫೈಲ್’ ಎಂಬ ಗುಣದ ಎದುರು ‘ಟ್ರೂ’ ಎಂದಿರುತ್ತದೆ. ಆ ಫೈಲಿನ ಒಂದು ನಕಲು ಮಾಡಿಕೊಂಡು, ಅದರಲ್ಲಿ ಎಲ್ಲ ಕಡೆ ‘ಫಾಲ್ಸ್’ ಎಂದು ತಿದ್ದಿ, ಪ್ರೊಫೈಲಿನ ಹೆಸರನ್ನೂ ಬದಲಿಸಿ ಉಳಿಸಿದರೆ ಜೆಪಿಇಜಿಗೂ ಸಿಗುತ್ತದೆ. ಗೆರೆಗಳ ಬಾಗು ಸರಿಹೋಗುತ್ತದೆ. ಮೂಲೆಗಳ ಕಪ್ಪಿನ (ವಿನ್ಯೆಟಿಂಗ್) ತಿದ್ದುಪಡಿಯನ್ನು ಮಾತ್ರ ನಂಬಬೇಡಿ: ಅದರ ಅಳತೆ ರಾ ಫೈಲಿನ ನೇರ ಬೆಳಕಿನದು, ಜೆಪಿಇಜಿಯಲ್ಲಿ ಕ್ಯಾಮೆರಾ ಆಗಲೇ ಟೋನ್ ಏರಿಳಿಸಿರುತ್ತದೆ. ವಿನ್ಯೆಟಿಂಗ್ ಸ್ಲೈಡರನ್ನು ಸೊನ್ನೆಗಿಳಿಸಿ, ಕಣ್ಣಳತೆಯಲ್ಲಿ ಕೈಯಾರೆ ತಿದ್ದುವುದೇ ಒಳ್ಳೆಯದು.

ಕ್ಯಾಮೆರಾದೊಳಗಿನ ಡಿಸ್ಟಾರ್ಷನ್ ಕರೆಕ್ಷನ್ ಆನ್ ಆಗಿದ್ದರೆ ಜೆಪಿಇಜಿ ಈಗಾಗಲೇ ನೇರವಾಗಿರುತ್ತದೆ. ಅದರ ಮೇಲೆ ಪ್ರೊಫೈಲ್ ಹಾಕಿದರೆ ಹೊರಗೆ ಉಬ್ಬಬೇಕಿದ್ದ ಗೋಡೆ ಒಳಕ್ಕೆ ಕುಗ್ಗುತ್ತದೆ. ಮೈಕ್ರೊ ಫೋರ್ ಥರ್ಡ್ಸ್ ಮುಂತಾದ ಮಿರರ್‌ಲೆಸ್ ಕ್ಯಾಮೆರಾಗಳ ರಾ ಫೈಲಿನಲ್ಲೇ ತಿದ್ದುಪಡಿಯ ಲೆಕ್ಕ ಸೇರಿರುವುದುಂಟು. ‘ಬಿಲ್ಟ್-ಇನ್ ಲೆನ್ಸ್ ಪ್ರೊಫೈಲ್’ ಎಂದು ಲೈಟ್‌ರೂಮ್ ತೋರಿಸಿದರೆ ಬೇರೆ ಎಲ್‌ಸಿಪಿ ಹುಡುಕುವ ಅಗತ್ಯವಿಲ್ಲ.

ಸೆನ್ಸರ್ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮಾಡಿದ ಪ್ರೊಫೈಲ್ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾಗೆ ನಡೆಯುತ್ತದೆ, ಏಕೆಂದರೆ ಚಿಕ್ಕ ಸೆನ್ಸರ್ ಲೆನ್ಸಿನ ನಡುಭಾಗವನ್ನಷ್ಟೇ ನೋಡುತ್ತದೆ. ಎಪಿಎಸ್-ಸಿಯಲ್ಲಿ ಮಾಡಿದ್ದು ಫುಲ್ ಫ್ರೇಮಿಗೆ ಆಗದು, ಅಂಚುಗಳನ್ನು ಯಾರೂ ಅಳೆದಿರುವುದಿಲ್ಲ. ಚಿಪ್ ಇಲ್ಲದ ಹಳೆಯ ಮ್ಯಾನುವಲ್ ಲೆನ್ಸಾದರೆ ಎಕ್ಸಿಫ್‌ನಲ್ಲಿ (ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಲೆನ್ಸಿನ ಹೆಸರೂ ಫೋಕಲ್ ಲೆಂತೂ ಇರುವುದಿಲ್ಲ. ಅಲ್ಲಿ ತಯಾರಕ, ಮಾಡೆಲ್ ಎರಡನ್ನೂ ನೀವೇ ಆರಿಸಬೇಕು.

ಡಾರ್ಕ್‌ಟೇಬಲ್ ಬಳಸುವವರು ಹೊಸ ಲೆನ್ಸ್ ಸಿಗದಿದ್ದರೆ ಲೆನ್ಸ್‌ಫನ್‌ನ ಡೇಟಾ ಅಪ್‌ಡೇಟ್ ಆಜ್ಞೆಯನ್ನು ಒಮ್ಮೆ ಓಡಿಸಲಿ, ಸಾಫ್ಟ್‌ವೇರ್ ಹಳತಾಗಿದ್ದರೂ ಪಟ್ಟಿ ಹೊಸದಾಗುತ್ತದೆ.

ಪ್ರೊಫೈಲ್ ಸಿಕ್ಕಿತೆಂದು ಸುಮ್ಮನಿರಬೇಡಿ, ಪರೀಕ್ಷಿಸಿ. ಬೇಕಲ ಕೋಟೆಯಿಂದ ಕಡಲು ಬಾನು ಸೇರುವ ಗೆರೆಯನ್ನು ಫ್ರೇಮಿನ ಮೇಲಂಚಿನ ಹತ್ತಿರ ಇಟ್ಟು, ಝೂಮಿನ ಅತಿ ಅಗಲದ ತುದಿಯಲ್ಲಿ ತೆಗೆಯಿರಿ. ಗೆರೆ ನಡುವಿನಲ್ಲಿದ್ದರೆ ಎಷ್ಟೇ ಬಾಗುವ ಲೆನ್ಸಿನಲ್ಲೂ ನೇರವಾಗಿಯೇ ಕಾಣುತ್ತದೆ, ಆ ಫೋಟೊ ಪರೀಕ್ಷೆಗೆ ಬಾರದು. ಮನೆ ಹತ್ತಿರವೇ ಬೇಕೆಂದರೆ ಗಾರೆ ಬಳಿಯದ ಮುರಕಲ್ಲಿನ ಗೋಡೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಎದುರಿಗೆ ನೆಟ್ಟಗೆ ನಿಂತು ಟ್ರೈಪಾಡಿನಲ್ಲಿ ತೆಗೆದರೆ ಕಲ್ಲುಸಾಲುಗಳೇ ಚೌಕುಳಿಯಾಗುತ್ತವೆ. ಕಂಗಿನ ಮರ ನೆಟ್ಟಗೆ ಕಂಡರೂ ತುಸು ವಾಲಿರುತ್ತದೆ. ಮಧೂರು ದೇವಸ್ಥಾನದ ಗಜಪೃಷ್ಠದ ಮಾಡಂತೂ ಕಟ್ಟಿದ್ದೇ ದುಂಡಗೆ, ಅದನ್ನಿಟ್ಟು ಲೆನ್ಸನ್ನು ಅಳೆಯಬಾರದು.

ಪರೀಕ್ಷೆಗೆ ಕ್ರಾಪ್ ಮಾಡಿ ಬೇರೆ ಫೈಲಾಗಿ ಉಳಿಸಿದ ಫೋಟೊ ಬಳಸಬೇಡಿ. ಪ್ರೊಫೈಲ್ ಚಿತ್ರದ ನಡುವನ್ನೇ ಲೆನ್ಸಿನ ನಡು ಎಂದು ಹಿಡಿಯುತ್ತದೆ, ಒಂದು ಬದಿ ಕತ್ತರಿಸಿದರೆ ಲೆಕ್ಕ ಓರೆಯಾಗುತ್ತದೆ. ಗಾತ್ರ ಕುಗ್ಗಿಸಿದ್ದರೆ ತೊಂದರೆಯಿಲ್ಲ.