ಭಾನುವಾರದ ರೀಬಿಲ್ಡ್ ಜಾಬ್ ನಿಲ್ಲಿಸಿದ್ದು

ನಾನು ಈ ಕೆಲ್ಸಕ್ಕೆ ಸೇರೋ ಮುಂಚೆಯಿಂದ್ಲೂ ಒಂದು ಜಾಬ್ ಓಡ್ತಿತ್ತು, ಪ್ರತಿ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಡೇಟಾಬೇಸಿನ ಎಲ್ಲಾ ಟೇಬಲ್ಲಿನ ಎಲ್ಲಾ ಇಂಡೆಕ್ಸೂ (ಸಾಲು ಬೇಗ ಹುಡುಕೋಕೆ ಇರೋ ಸೂಚಿ) ರೀಬಿಲ್ಡ್, ಅಂದ್ರೆ ಹೊಸದಾಗಿ ಕಟ್ಟೋದು. ಹಾಕಿದ್ದು ಯಾರು ಅಂತ ಗೊತ್ತಿಲ್ಲ, ತೆಗಿಯೋಕೆ ಯಾರಿಗೂ ಧೈರ್ಯ ಇಲ್ಲ. ಔಷಧಿ ಹೋಲ್‌ಸೇಲ್ ಬಿಲ್ಲಿಂಗ್ ಡೇಟಾಬೇಸು, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2016 ಸ್ಟ್ಯಾಂಡರ್ಡ್ ಎಡಿಶನ್, ಅದ್ರಲ್ಲಿ ಆನ್‌ಲೈನ್ ರೀಬಿಲ್ಡ್ ಇಲ್ಲ, ಅಂದ್ರೆ ಅದು ಮುಗಿಯೋವರೆಗೂ ಆ ಟೇಬಲ್ಲಿಗೆ ಒಂದು ಬಿಲ್ಲೂ ಬೀಳಲ್ಲ.

ಒಂದು ಭಾನುವಾರ ನಾಲ್ಕೂವರೆಗೆ ಫೋನು. ಲಾಗ್ ಡಿಸ್ಕ್ (ಪ್ರತಿ ಬದಲಾವಣೆಯ ದಾಖಲೆ ಇರೋ ಜಾಗ) ಭರ್ತಿ. ಎಲ್ಲಾ ಬದಲಾವಣೆನೂ ಲಾಗಲ್ಲಿ ಇಡೋ ಫುಲ್ ರಿಕವರಿಲಿ ರೀಬಿಲ್ಡ್ ಮಾಡಿದ್ರೆ ಹೊಸದಾಗಿ ಬರೆದ ಪೇಜೆಲ್ಲಾ (ಡೇಟಾ ಇಡೋ ತುಂಡುಗಳು) ಲಾಗಿಗೂ ಹೋಗತ್ತೆ, ಗೊತ್ತಿರೋ ವಿಷ್ಯಾನೇ, ಆದ್ರೂ ಅವತ್ತು ಅರ್ಧ ನಿದ್ದೇಲಿ ಲಾಗ್ ಬ್ಯಾಕಪ್ ತಗೊಂಡು ಜಾಗ ಮಾಡ್ಕೊಂಡು ಕೂತಾಗ ಅನ್ಸಿದ್ದು, ಇದೆಲ್ಲಾ ಯಾಕೆ ಮಾಡ್ತಿದೀವಿ?

ಕೇಳಿದ್ರೆ ಎಲ್ರೂ ಹೇಳೋದು ಒಂದೇ, ಫ್ರಾಗ್ಮೆಂಟೇಶನ್ (ಪೇಜುಗಳ ಕ್ರಮ ಚೆದುರಿರೋದು) 5ರಿಂದ 30 ಪರ್ಸೆಂಟ್ ಇದ್ರೆ ರೀಆರ್ಗನೈಸ್ (ಇರೋದನ್ನೇ ಜೋಡಿಸೋದು), 30 ದಾಟಿದ್ರೆ ರೀಬಿಲ್ಡ್. ಆ ನಂಬರುಗಳ ಹಿಂದೆ ಇದ್ದಿದ್ದು ಮೈಕ್ರೋಸಾಫ್ಟಲ್ಲಿ ಕೆಲ್ಸ ಮಾಡ್ತಿದ್ದ ಪಾಲ್ ರಾಂಡಲ್, ಏನೋ ಒಂದು ನಂಬರ್ ಬೇಕಿತ್ತು ಅಂದಾಜಲ್ಲಿ ಕೊಟ್ಟೆ ಅಂತ ಆಮೇಲೆ ಅವರೇ ಹೇಳ್ಕೊಂಡಿದಾರೆ. ನಾವದನ್ನ ಪಂಚಾಂಗದ ಥರ ಪಾಲಿಸ್ತಾ ಬಂದಿದೀವಿ.

ಮುಂದಿನ ವಾರ ಜಾಬ್ ನಿಲ್ಲಿಸ್ದೆ. ಸೋಮವಾರ ಸೇಲ್ಸ್ ರಿಪೋರ್ಟ್ ನಿಧಾನ ಆಗ್ಹೋಯ್ತು, ನೋಡಪ್ಪಾ ರೀಬಿಲ್ಡ್ ಮಾಡ್ಲಿಲ್ಲ ಅದಕ್ಕೇ ಅಂತ ಮೇಲಿನವರು ಶುರು ಹಚ್ಕೊಂಡ್ರು. ಸರ್ವರ್ ಆ ರಿಪೋರ್ಟನ್ನ ಹೇಗೆ ಓಡಿಸ್ತು ಅಂತ ತೋರ್ಸೋ ಪ್ಲಾನ್ ತೆಗೆದು ನೋಡಿದ್ರೆ ಎಸ್ಟಿಮೇಟ್ 1 ಸಾಲು, ನಿಜವಾಗಿ ಬಂದಿದ್ದು ಲಕ್ಷದ ಮೇಲೆ. ಯಾವ ತಾರೀಕಿನ ಸಾಲು ಎಷ್ಟಿರಬಹುದು ಅಂತ ಸರ್ವರ್ ಅಂದಾಜು ಮಾಡೋದು ಸ್ಟ್ಯಾಟಿಸ್ಟಿಕ್ಸ್ ನೋಡಿ, ಆ ಹಳೇ ಸ್ಟ್ಯಾಟಿಸ್ಟಿಕ್ಸಿನ ಹಿಸ್ಟೋಗ್ರಾಮು ಹೋದ ವಾರಕ್ಕೇ ನಿಂತಿದೆ, ಈ ವಾರದ ಬಿಲ್ ತಾರೀಕುಗಳು ಅದ್ರ ಪ್ರಕಾರ ಇಲ್ವೇ ಇಲ್ಲ! ಇಂಡೆಕ್ಸ್ ಮುಟ್ಟದೆ ಆ ಟೇಬಲ್ಲಿಗೆ ಎಲ್ಲಾ ಸಾಲೂ ಓದೋ ಫುಲ್‌ಸ್ಕ್ಯಾನ್ ಸ್ಟ್ಯಾಟ್ಸ್ ಅಪ್‌ಡೇಟ್ ಮಾತ್ರ ಹೊಡೆದೆ, ಕೆಲವೇ ನಿಮಿಷ, ರಿಪೋರ್ಟ್ ಮೊದಲಿನ ಹಾಗೇ ಬಂತು. ರೀಬಿಲ್ಡ್ ಮಾಡ್ದಾಗ ಆ ಇಂಡೆಕ್ಸಿನ ಸ್ಟ್ಯಾಟ್ಸೂ ಪೂರ್ತಿ ಓದಿ ಹೊಸದಾಗತ್ತೆ, ಇಷ್ಟು ವರ್ಷ ಕೆಲ್ಸ ಮಾಡ್ತಿದ್ದಿದ್ದು ಅದು, ಹೆಸರು ಮಾತ್ರ ರೀಬಿಲ್ಡಿಗೆ. ತಾನಾಗೇ ಯಾಕೆ ಅಪ್‌ಡೇಟ್ ಆಗ್ತಿರ್ಲಿಲ್ಲ ಅಂದ್ರೆ ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿ ಥರ ನಡ್ಕೋಬೇಕು ಅನ್ನೋ ಸೆಟ್ಟಿಂಗ್) ಇನ್ನೂ 110, ಅದ್ರಲ್ಲಿ 20 ಪರ್ಸೆಂಟ್ ಸಾಲು ಬದಲಾಗಬೇಕು, ಎರಡೂವರೆ ಕೋಟಿ ಸಾಲಿನ ಟೇಬಲ್ಲಿಗೆ ಅದು 50 ಲಕ್ಷ. 130 ಮಾಡಿದ್ರೆ ಸುಮಾರು 1.58 ಲಕ್ಷಕ್ಕೇ ಆಗತ್ತೆ.

ಹಾಗಂತ ರೀಬಿಲ್ಡೇ ಬೇಡ ಅಂತಲ್ಲ. ನಾನೀಗ ತಿಂಗಳಿಗೊಂದ್ಸಲ ಕೆಲವು ಪೇಜ್ ಮಾತ್ರ ಓದೋ ಸ್ಯಾಂಪಲ್ಡ್ ಮೋಡಲ್ಲಿ ನೋಡೋದು ಪೇಜ್ ಎಷ್ಟು ತುಂಬಿದೆ ಅಂತ, ಲಿಮಿಟೆಡ್ ಮೋಡಲ್ಲಿ ಆ ಕಾಲಂ ಖಾಲಿ ಬರತ್ತೆ. 8 ಕೆಬಿ ಪೇಜು ಅರ್ಧ ಖಾಲಿ ಇದ್ರೂ ಮೆಮೊರೀಲಿ 8 ಕೆಬಿನೇ ತಿನ್ನತ್ತೆ, ಬ್ಯಾಕಪ್ಪಿಗೂ ಹೋಗತ್ತೆ. ಡ್ರಾಫ್ಟ್ ಬಿಲ್ಲುಗಳನ್ನ ಅಲ್ಲಲ್ಲಿಂದ ಡಿಲೀಟ್ ಮಾಡಿದ್ಮೇಲೆ ಒಂದು ದೊಡ್ಡ ಟೇಬಲ್ಲಲ್ಲಿ ಪೇಜ್ ತುಂಬಿರೋದು 41 ಪರ್ಸೆಂಟಿಗೆ ಬಂದಿತ್ತು, ಅದನ್ನ ಮುಲಾಜಿಲ್ದೆ ರೀಬಿಲ್ಡ್ ಮಾಡಿದೆ, ಅರ್ಧಕ್ಕಿಂತ ಜಾಸ್ತಿ ಜಾಗ ವಾಪಸ್ ಬಂತು. ಜಿಯುಐಡಿ (ಕ್ರಮವಿಲ್ಲದ ಉದ್ದದ ಐಡಿ) ಕೀ ಇರೋ ಇನ್ನೊಂದು ಟೇಬಲ್ಲು ಮಾತ್ರ ತಲೆನೋವು, ಹೊಸ ಸಾಲು ಎಲ್ಲೆಲ್ಲೋ ಬಿದ್ದು ಪೇಜ್ ಒಡೀತಾನೇ ಇರತ್ತೆ, ಫಿಲ್ ಫ್ಯಾಕ್ಟರ್ 85 ಇಟ್ಟು, ಅಂದ್ರೆ ಪೇಜಲ್ಲಿ 15 ಪರ್ಸೆಂಟ್ ಖಾಲಿ ಬಿಟ್ಟು ನೋಡ್ತಿದೀನಿ. ಸಾವಿರ ಪೇಜಿಗಿಂತ ಚಿಕ್ಕದನ್ನ ತಿರುಗಿಯೂ ನೋಡಲ್ಲ.

ಇನ್ನೊಂದು ಇಂಡೆಕ್ಸ್ ಇದೆ, ಫ್ರಾಗ್ಮೆಂಟೇಶನ್ 96, ಪೇಜ್ ತುಂಬಿರೋದು 93. ಎಸ್‌ಎಸ್‌ಡಿ ಮೇಲಿದೆ, ಅಲ್ಲಿ ಪೇಜ್ ಕ್ರಮ ಚೆದುರಿದ್ರೂ ಅಷ್ಟೇನೂ ಹೊರೆ ಆಗಲ್ಲ. ಎಂಟು ತಿಂಗಳಾಯ್ತು ಅದನ್ನ ಮುಟ್ಟಿಲ್ಲ, ಯಾರೂ ಫೋನ್ ಮಾಡಿಲ್ಲ.