ಬಿಳಿ ಗೂಡು ಮರಳಿ ಬಂತು

ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಸೊಪ್ಪು. ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಮಾಡುವ ಯಾವ ಮನೆಯಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಲೆಕ್ಕ. ಕಡ್ಡಿಸೊಪ್ಪು ಹಾಸಿ ಬಾಗಿಲೆಳೆದುಕೊಂಡು ಹೊರಗೆ ಬಂದರೆ ಒಳಗಿನಿಂದ ಹುಳು ಮೇಯುವ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿರುತ್ತದೆ. ಡಿಸೆಂಬರಿನ ಕೊನೆಯಲ್ಲಾದರೆ ಅಷ್ಟೊತ್ತಿಗೆ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಆಕಾಶದಲ್ಲಿ ಮೇಲೇರಿ ಬಂದಿರುತ್ತಾನೆ. ಕೈ ತೊಳೆದುಕೊಂಡು ನಾನು ತಾರಸಿ ಹತ್ತುತ್ತೇನೆ.

ಏಳು ವರ್ಷದ ಹಿಂದೆ ಒಂದು ಬೆಳೆಯ ಗೂಡು ಒಳ್ಳೆಯ ರೇಟಿಗೆ ಹೋದಾಗ, ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರುತ್ತಿದ್ದ ಆರು ಇಂಚಿನ ಡಾಬ್ಸೋನಿಯನ್ ದೂರದರ್ಶಕ ಕೊಂಡೆ. ಓದಿದ್ದು ಬಿ.ಎಸ್‌ಸಿ., ಅದೂ ಪ್ರಾಣಿಶಾಸ್ತ್ರ. ಆಕಾಶದ ವಿಷಯ ಯಾರೂ ಹೇಳಿಕೊಟ್ಟಿದ್ದಲ್ಲ, ತಾರಸಿಯ ಮೇಲೆ ನಿಂತು ನಿಂತು ಕಲಿತದ್ದು.

ನಮ್ಮ ಕಡೆ ಮೃಗಶಿರೆ, ಆರಿದ್ರೆ ಎಂದರೆ ಮಳೆಯ ಹೆಸರು. ಮೃಗಶಿರೆ ಮಳೆ ಹಿಡಿಯಿತಾ ಎಂದು ಕೇಳುವ ಅತ್ತೆಗೆ ಆ ಹೆಸರಿನ ನಕ್ಷತ್ರ ಎಲ್ಲಿದೆ ಎಂದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಮಳೆ ಬರುವ ಜೂನ್ ತಿಂಗಳಲ್ಲಿ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುತ್ತಾನೆ, ಅದು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದು, ಅವರೆಕಾಯಿಯ ಸೊಗಡು ಊರೆಲ್ಲ ಹರಡಿದಾಗ, ರಾತ್ರಿಯೆಲ್ಲ ನಮ್ಮ ತಲೆಯ ಮೇಲಿರುತ್ತದೆ. ಅತ್ತೆಯನ್ನು ಕರೆದು ಆರಿದ್ರೆಯ ಕೆಂಪು ಚುಕ್ಕೆ ತೋರಿಸಿದ ದಿನ ಅವರು ಬಹಳ ಹೊತ್ತು ನೋಡಿ, "ಇದೇನಾ ನಮ್ ಆರಿದ್ರೆ" ಅಂದರು.

ಮಹಾವ್ಯಾಧನ ನಡುಪಟ್ಟಿಯಲ್ಲಿ ಮೂರು ನಕ್ಷತ್ರ. ಅದರ ಕೆಳಗೆ ಕತ್ತಿ ನೇತುಬಿಟ್ಟಂತೆ ಇನ್ನೂ ಮೂರು ಮಂಕು ಚುಕ್ಕೆ. ನಡುವಿನದ್ದು ಚುಕ್ಕೆಯಲ್ಲ, ನೀಹಾರಿಕೆ, ಎಂದರೆ ಅನಿಲ, ದೂಳಿನ ಮೋಡ. ಫ್ರೆಂಚ್ ಖಗೋಳಜ್ಞ ಮೆಸ್ಸಿಯೆ ಮಾಡಿದ ಪಟ್ಟಿಯಲ್ಲಿ 42ನೆಯದು. ಮೊದಲ ವಾರ ನನಗೆ ಅಲ್ಲಿ ಏನೂ ಕಾಣಲಿಲ್ಲ. ಹುಳುಮನೆಯ ಟ್ಯೂಬ್‌ಲೈಟಿನಿಂದ ನೇರ ಬಂದು ಕಣ್ಣಿಡುತ್ತಿದ್ದೆ, ಅದೂ 120 ಪಟ್ಟು ದೊಡ್ಡದು ಮಾಡುವ ಮಸೂರ ಹಾಕಿ. ಎರಡೂ ತಪ್ಪು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ನಡುವೆ ಒಮ್ಮೆ ಮೊಬೈಲ್ ಬೆಳಗಿದರೂ ಲೆಕ್ಕ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡೆ. 25 ಮಿಲಿಮೀಟರಿನ ಮಸೂರ ಹಾಕಿ 48 ಪಟ್ಟಿಗೆ ಇಳಿಸಿದೆ. ನೀಹಾರಿಕೆಯನ್ನೇ ನೆಟ್ಟು ನೋಡದೆ ಅದರ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಆಗ ಬಿಚ್ಚಿಕೊಂಡಿತು: ನಡುವೆ ಒತ್ತಾಗಿ ನಾಲ್ಕು ಪುಟ್ಟ ನಕ್ಷತ್ರ, ಸುತ್ತ ರೆಕ್ಕೆ ಹರಡಿದ ಚಿಟ್ಟೆಯಂಥ ಬೂದುಹಸಿರು ಹೊಗೆ. ಸುಮಾರು 1,350 ಜ್ಯೋತಿರ್ವರ್ಷ ದೂರ; ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಬೆಳಕು.

ಪತ್ರಿಕೆಯ ಚಿತ್ರದಲ್ಲಿ ಅದು ಕೆಂಪು ಇರುತ್ತದೆ, ನಮಗೇಕೆ ಬೂದುಹಸಿರು ಎಂದು ತಾರಸಿಗೆ ಬಂದ ಎಲ್ಲರೂ ಕೇಳುತ್ತಾರೆ. ಆ ಕೆಂಪು ಹೈಡ್ರೋಜನ್ನಿನದು, ತರಂಗಾಂತರ 656.3 ನ್ಯಾನೊಮೀಟರ್. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ದಂಡಕೋಶಗಳಿಗೆ ಆ ಕೆಂಪು ಸರಿಯಾಗಿ ತಾಕುವುದೇ ಇಲ್ಲ. ಅವುಗಳಿಗೆ ಚೆನ್ನಾಗಿ ತಾಕುವುದು 500ರ ಆಸುಪಾಸು, ನೀಹಾರಿಕೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅಲ್ಲಿ ಆಮ್ಲಜನಕದ ಹಸಿರು ಗೆರೆಯಿದೆ. ಆ ಗೆರೆಯನ್ನು 1864ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹಗಿನ್ಸ್ ಬೇರೊಂದು ನೀಹಾರಿಕೆಯಲ್ಲಿ ಕಂಡಾಗ ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು ನೆಬ್ಯುಲಿಯಂ ಎಂಬ ಹೆಸರೂ ಬಂತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಆಮ್ಲಜನಕವೇ ಅದು ಎಂದು ಐರಾ ಬೋವೆನ್ ತೋರಿಸಿಕೊಟ್ಟಿದ್ದು 1927ರಲ್ಲಿ. ನಾವು ಉಸಿರಾಡುವ ಆಮ್ಲಜನಕವೇ.

ನನ್ನನ್ನು ನೀಹಾರಿಕೆಗೆ ಕಟ್ಟಿಹಾಕಿದ್ದು ಮಾತ್ರ ಇನ್ನೊಂದು ಸಂಗತಿ. ಹೊಳೆಯುವ ನೀಹಾರಿಕೆಗಳ ಮುಂದೆ ಅಲ್ಲಲ್ಲಿ ಸಣ್ಣ ಕಪ್ಪು ಉಂಡೆಗಳು ಕಾಣುತ್ತವೆ. ನನ್ನ ದೂರದರ್ಶಕಕ್ಕಲ್ಲ, ದೊಡ್ಡ ದೂರದರ್ಶಕದ ಚಿತ್ರಗಳಲ್ಲಿ. 1947ರಲ್ಲಿ ಖಗೋಳಜ್ಞರಾದ ಬಾರ್ಟ್ ಬಾಕ್ ಮತ್ತು ಈಡಿತ್ ರೈಲಿ ಇವನ್ನು ಕೀಟಗಳ ಗೂಡಿಗೆ ಹೋಲಿಸಿದರು: ಒಳಗೆ ನಕ್ಷತ್ರ ರೂಪುಗೊಳ್ಳುತ್ತಿರಬೇಕು ಎಂದರು. ಅದು ನಿಜವೆಂದು ಅವಕೆಂಪು (ಇನ್ಫ್ರಾರೆಡ್) ಕಿರಣಗಳಿಂದ ಖಚಿತವಾದದ್ದು 1990ರಲ್ಲಿ. ಅದನ್ನು ಓದಿದ ದಿನ ನಮ್ಮ ಚಂದ್ರಿಕೆಗಳ (ಹುಳು ಗೂಡು ಕಟ್ಟುವ ಬಿದಿರು ತಟ್ಟೆಗಳ) ತುಂಬ ಗೂಡು ಕಟ್ಟಿತ್ತು. ಒಂದು ಗೂಡು ಬಿಡಿಸಿಕೊಂಡು, ದೀಪ ಆರಿಸಿ, ಹಿಂದಿನಿಂದ ಟಾರ್ಚ್ ಹಿಡಿದೆ. ಹಗಲಲ್ಲಿ ಗಟ್ಟಿ ಗೋಡೆಯ ಹಾಗೆ ಕಾಣುವ ಗೂಡು ಜೇನಿನ ಬಣ್ಣಕ್ಕೆ ತಿರುಗಿತು. ನಡುವೆ ಕೋಶಾವಸ್ಥೆಯ ಹುಳುವಿನ ನೆರಳು ಒಮ್ಮೆ ಅಲುಗಿತು. ನಮ್ಮ ಕಣ್ಣಿನ ಬೆಳಕು ದಾಟಲಾರದ ದೂಳನ್ನು ಅವಕೆಂಪು ಬೆಳಕು ದಾಟಿ ಒಳಗಿನದನ್ನು ತೋರಿಸುವುದು ಹೀಗೆಯೇ.

ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನು ಮುಚ್ಚಿಡಬಾರದು. ಇಲ್ಲಿ ಹುಳು ತನ್ನ ಸುತ್ತ ಗೂಡು ಕಟ್ಟುತ್ತದೆ. ಅಲ್ಲಿ ಗೂಡೇ ತನ್ನ ತೂಕಕ್ಕೆ ತಾನೇ ಕುಸಿದು ಹುಳುವಾಗುತ್ತದೆ. ಬರ್ನಾರ್ಡ್ 68 ಎಂಬ ಕಪ್ಪು ಉಂಡೆ ಅರ್ಧ ಜ್ಯೋತಿರ್ವರ್ಷದಷ್ಟು ಅಗಲ, ಒಳಗಿನ ಶಾಖ 16 ಕೆಲ್ವಿನ್ ಆಸುಪಾಸು, ಎಂದರೆ ಸೊನ್ನೆಗಿಂತ 257 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ತಣ್ಣಗಿರುವುದರಿಂದಲೇ ಅನಿಲದ ಒತ್ತಡ ಸಾಲದೆ ಗುರುತ್ವದ ಕೈ ಮೇಲಾಗುತ್ತದೆ. ಬಿಸಿಯಾಗಿ ಉರಿಯುವ ನಕ್ಷತ್ರ ಹುಟ್ಟಬೇಕಾದರೆ ಮೊದಲು ಆ ಚಳಿ ಬೇಕು.

ನನ್ನ ಮೈದುನನ ಮಗಳು ಕಳೆದ ಚಳಿಗಾಲ ಹತ್ತನೇ ಕ್ಲಾಸು. ಅನುವಂಶೀಯತೆಯ ಪಾಠ ಓದಿಕೊಂಡಿದ್ದಳು. ಒಂದು ರಾತ್ರಿ ಆ ನಾಲ್ಕು ನಕ್ಷತ್ರ ನೋಡುತ್ತಾ ಕೇಳಿದಳು:

"ದೊಡ್ಡಮ್ಮ, ನಕ್ಷತ್ರಕ್ಕೂ ತಳಿ ಅಂತ ಇರುತ್ತಾ?"

"ಇರುತ್ತೆ ಕಣೇ. ಹಳೇ ನಕ್ಷತ್ರ ಸಾಯುವಾಗ ಚೆಲ್ಲಿದ್ದೆಲ್ಲ ಈ ಮೋಡದಲ್ಲಿ ಬೆರೆತಿರುತ್ತೆ. ಅದರಲ್ಲಿ ಹುಟ್ಟಿದ್ದಕ್ಕೆ ಅದೇ ಬರುತ್ತೆ. ನಮ್ಮ ಸಿಬಿ ಹುಳದಲ್ಲಿ, ಅದೇ ಮಿಶ್ರತಳೀಲಿ, ಮೈಸೂರು, ಸಿಎಸ್‌ಆರ್ ಎರಡೂ ಬೆರೆತಿಲ್ವಾ, ಹಾಗೆ."

ಅವಳು ಒಪ್ಪಿಕೊಂಡು ಹೋಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಬೆರೆಯುವುದು ಎಂಬ ಮಾತು ಚುಚ್ಚುತ್ತಿತ್ತು. ಪರೀಕ್ಷೆ ಬರೆಯುವ ಹುಡುಗಿಗೆ ತಪ್ಪು ಹೇಳಿಕೊಟ್ಟೆನಲ್ಲ ಎಂಬ ಸಂಕಟ.

ನಾವು ಮೇಯಿಸುವ ಮಿಶ್ರತಳಿಗೆ ತಾಯಿ ಶುದ್ಧ ಮೈಸೂರು ತಳಿ, ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಗೂಡು. ಹಸಿರು ಬೆರೆತ ಹಳದಿ. ತಂದೆ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಸಿಎಸ್‌ಆರ್ 2, ಹಾಲಿನಂಥ ಬಿಳಿ ಗೂಡು. ಮಕ್ಕಳೆಲ್ಲ ಹಳದಿ. ಬಿಳಿ ಎಲ್ಲಿ ಹೋಯಿತು? ಮೆಂಡೆಲರ ಬಟಾಣಿಯ ಲೆಕ್ಕ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ: ಎರಡನೇ ಪೀಳಿಗೆಯಲ್ಲಿ ದುಂಡು ಬೀಜ 5,474, ಸುಕ್ಕು ಬೀಜ 1,850, ಎಂದರೆ ಹೆಚ್ಚುಕಡಿಮೆ 3ಕ್ಕೆ 1. ರೇಷ್ಮೆ ಹುಳುವಿಗೂ ಇದೇ ನಿಯಮವೆಂದು ಜಪಾನಿನ ತೊಯಾಮಾ ಕಮೆತಾರೊ 1906ರಲ್ಲೇ ತೋರಿಸಿದ್ದರು. ನಾನು ನನ್ನ ಕಣ್ಣಿಂದ ನೋಡಿರಲಿಲ್ಲ. ರೈತರು ಮಿಶ್ರತಳಿಯ ಗೂಡಿನಿಂದ ಮೊಟ್ಟೆ ಮಾಡಿಕೊಳ್ಳುವುದಿಲ್ಲ, ಮುಂದಿನ ಪೀಳಿಗೆ ಒಂದೇ ಸಮ ಬರುವುದಿಲ್ಲವೆಂದು.

ಜನವರಿಯಲ್ಲಿ ಗೂಡು ಬಿಡಿಸುವಾಗ ಇಪ್ಪತ್ತನ್ನು ಪಕ್ಕಕ್ಕಿಟ್ಟೆ. ಹನ್ನೆರಡನೇ ದಿನ ಬೆಳಗಿನ ಜಾವ ಚಿಟ್ಟೆಗಳು ಹೊರಬಂದವು, ರಾತ್ರಿ ಹಾಳೆಯ ಮೇಲೆ ಮೊಟ್ಟೆಯಿಟ್ಟವು. ಇದನ್ನು ಮಾಡುವವರಿಗೆ ಒಂದು ಮಾತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಆ ಮೊಟ್ಟೆಯನ್ನು ಹುಳುಮನೆಯ ಹತ್ತಿರಕ್ಕೂ ತರಬೇಡಿ. ಗಂಟುರೋಗ ತಾಯಿಯಿಂದ ಮೊಟ್ಟೆಯೊಳಕ್ಕೇ ಇಳಿಯುತ್ತದೆ. 1865ರಿಂದ ಈ ರೋಗದ ಹಿಂದೆ ಬಿದ್ದ ಪಾಶ್ಚರ್ ಕೊಟ್ಟ ತಾಯಿ ಪರೀಕ್ಷೆಯೇ ಇವತ್ತಿಗೂ ದಾರಿ. ತಾಯಿಂದ ಮಕ್ಕಳಿಗೆ ಬಂದದ್ದೆಲ್ಲ ಅನುವಂಶೀಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ: ಗಂಟುರೋಗ ಜೀನಿನಲ್ಲಿಲ್ಲ, ಮೊಟ್ಟೆಯೊಳಗೆ ಸವಾರಿ ಬಂದ ಹೊರಗಿನ ಜೀವಿ ಅದು. ಪರೀಕ್ಷೆ ಮಾಡಿಸಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಇಟ್ಟುಕೊಂಡು, ಹುಳುಮನೆಯಿಂದ ದೂರ, ವಾಸದ ಮನೆಯ ಕೋಣೆಯಲ್ಲಿ ಎರಡು ತಟ್ಟೆಯಲ್ಲಿ ಸಾಕಿದೆ. ಕೆಲವು ಮೊಟ್ಟೆ ಕಂದು ತಿರುಗಿ ನಿದ್ದೆಗೆ ಹೋದವು. ಉಳಿದವು ಹತ್ತನೇ ದಿನಕ್ಕೆ ಒಡೆದವು.

ಹುಳು ಏರುಪೇರು. ಒಂದೇ ತಟ್ಟೆಯಲ್ಲಿ ಕೆಲವು ಜ್ವರಕ್ಕೆ ಕೂತರೆ ಕೆಲವು ಇನ್ನೂ ಮೇಯುತ್ತಿದ್ದವು. ರೈತರು ಯಾಕೆ ಬೇಡ ಅನ್ನುತ್ತಾರೆಂದು ಆಗ ಅರ್ಥವಾಯಿತು. ಫೆಬ್ರವರಿ ಕೊನೆಗೆ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟೆ. ಮೂರನೇ ದಿನ ನೋಡಿದರೆ ಕಡು ಹಳದಿ, ತಿಳಿ ಹಳದಿ, ಹಸಿರು ಛಾಯೆಯದು, ನಡುನಡುವೆ ಬಿಳಿ. ಮಾಸಲು ಬಿಳಿಯಲ್ಲ, ಅಜ್ಜನ ಗೂಡಿನಷ್ಟೇ ಬಿಳಿ.

3ಕ್ಕೆ 1 ಎಂಬ ಲೆಕ್ಕ ಅಚ್ಚುಕಟ್ಟಾಗಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಗೂಡಿನ ಹಳದಿ ಹುಳು ತಾನೇ ಮಾಡಿದ್ದಲ್ಲ, ಹಿಪ್ಪುನೇರಳೆ ಎಲೆಯ ಕೆರೊಟಿನಾಯ್ಡ್ ಎಂಬ ಬಣ್ಣದ ವಸ್ತು. ವೈ ಎಂಬ ಜೀನ್ ಅದನ್ನು ಕರುಳಿನಿಂದ ರಕ್ತಕ್ಕೆ ಬಿಡುತ್ತದೆ. ಸಿ ಎಂಬ ಇನ್ನೊಂದು ಜೀನ್ ರಕ್ತದಿಂದ ರೇಷ್ಮೆ ಗ್ರಂಥಿಗೆ ಬಿಡುತ್ತದೆ. ಎರಡು ಬಾಗಿಲೂ ತೆರೆದಿದ್ದರೆ ಮಾತ್ರ ಗೂಡು ಹಳದಿ. ಹಸಿರು ಛಾಯೆಯ ಕಥೆಯೇ ಬೇರೆ. ಆದರೆ ಮುಖ್ಯವಾದದ್ದು ಆ ಬಿಳಿ. ಪ್ರತಿ ಹುಳುವಿನಲ್ಲೂ 28 ಜೊತೆ ವರ್ಣತಂತು, ಪ್ರತಿ ಜೊತೆಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಹಳದಿ ಪ್ರಬಲ, ಒಂದು ಪ್ರತಿಯಿದ್ದರೂ ಗೂಡು ಹಳದಿ. ಬಿಳಿಯ ಪ್ರತಿ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತದೆ. ಹಾಲಿಗೆ ಡಿಕಾಕ್ಷನ್ ಬೆರೆತ ಹಾಗೆ ಬೆರೆತಿದ್ದರೆ ಅದು ಮೊಮ್ಮಕ್ಕಳಲ್ಲಿ ಇಷ್ಟು ಶುದ್ಧವಾಗಿ ಎದ್ದು ಬರುತ್ತಿರಲಿಲ್ಲ.

ಮಾರ್ಚ್ ನಡುವಿನಲ್ಲಿ ಹುಡುಗಿ ಪರೀಕ್ಷೆಗೆಂದು ನಾಲ್ಕೂವರೆಗೆ ಏಳುತ್ತಿದ್ದಳು, ನಾನು ಸೊಪ್ಪು ಕೊಯ್ಯಲು. ಆ ಹೊತ್ತಿಗೆ ಧನುಸ್ಸು ರಾಶಿ ಆಗ್ನೇಯದಲ್ಲಿ ಮೇಲೆ ಬಂದಿರುತ್ತದೆ, ಅದರಲ್ಲಿ ಲಗೂನ್ ನೀಹಾರಿಕೆ. ಸುಮಾರು 4,000 ಜ್ಯೋತಿರ್ವರ್ಷ ದೂರವಾದರೂ ನನ್ನ ದೂರದರ್ಶಕಕ್ಕೆ ಸಿಗುತ್ತದೆ: ಎಳೆಯ ನಕ್ಷತ್ರಗಳ ಒಂದು ಹಿಡಿ, ಪಕ್ಕದಲ್ಲಿ ಮಂಜಿನ ತೇಪೆ. ಹತ್ತು ನಿಮಿಷಕ್ಕೆಂದು ಅವಳನ್ನು ತಾರಸಿಗೆ ಕರೆದೆ.

"ಅವತ್ತು ನಿಂಗೆ ತಪ್ಪು ಹೇಳಿದ್ದೆ ಕಣಮ್ಮ. ಬೆರೆಯೋದು ಅಲ್ಲಿ, ನಮ್ಮ ಹುಳದಲ್ಲಲ್ಲ. ಸತ್ತ ನಕ್ಷತ್ರದ ಕಬ್ಬಿಣ, ಇಂಗಾಲ ಎಲ್ಲ ಮೋಡದಲ್ಲಿ ಕಲೆತುಹೋಗುತ್ತೆ. ಯಾವುದು ಯಾವ ನಕ್ಷತ್ರದ್ದು ಅಂತ ಮತ್ತೆ ಬೇರೆ ಆಗಲ್ಲ. ಅದಕ್ಕೆ ಜೀನ್ ಇಲ್ಲ, ಪ್ರತಿ ಇಲ್ಲ."

"ಹಂಗಾದ್ರೆ ಒಂದೇ ಮೋಡದಲ್ಲಿ ಹುಟ್ಟಿದ್ದು ಒಂದೊಂದು ಒಂದೊಂದು ಥರ ಯಾಕೆ?"

ಎಷ್ಟು ಅನಿಲ ಸಿಕ್ಕಿತು ಎಂಬುದರ ಮೇಲೆ, ಎಂದೆ. ಒಡಹುಟ್ಟಿದವುಗಳ ಸಾಮಗ್ರಿ ಹೆಚ್ಚುಕಡಿಮೆ ಒಂದೇ, ಆಯುಷ್ಯ ಬರೆಯುವುದು ತೂಕ. ಸೂರ್ಯನಷ್ಟಿದ್ದರೆ ಸುಮಾರು ಸಾವಿರ ಕೋಟಿ ವರ್ಷ ಬಾಳುತ್ತದೆ. ಚಳಿಗಾಲದಲ್ಲಿ ನೋಡಿದ ಆ ನಾಲ್ಕರಲ್ಲಿ ಇಡೀ ನೀಹಾರಿಕೆಯನ್ನು ಬೆಳಗುವ ದೊಡ್ಡದು, ಮೈಮೇಲೆ 39,000 ಕೆಲ್ವಿನ್ ಆಸುಪಾಸಿನ ಶಾಖ ಇರುವಂಥದ್ದು, ಕೆಲವು ದಶಲಕ್ಷ ವರ್ಷಕ್ಕೇ ಮುಗಿದುಹೋಗುತ್ತದೆ.

ಆವಿಗೆ ಹಿಡಿದು ಒಣಗಿಸಿದ್ದ ಎರಡು ಗೂಡು ಅವಳ ಕೈಗಿಟ್ಟೆ, ಒಂದು ಹಳದಿ, ಒಂದು ಬಿಳಿ. ಒಂದೇ ತಾಯಿಯ ಮಕ್ಕಳು. ಕೆಂಪು ಟಾರ್ಚಿನಲ್ಲಿ ಎರಡೂ ಒಂದೇ ಬಣ್ಣ ಕಂಡವು. ಅವಳು ಎರಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಕೆಳಗಿನಿಂದ ಅತ್ತೆ ಕೂಗಿದರು, "ಬಿಸಿಲು ಬರೋಕೆ ಮುಂಚೆ ಸೊಪ್ಪು ಕೊಯ್ಬೇಕು, ಇಳೀರಮ್ಮ." ಮೂಡಲ ದಿಕ್ಕು ಬೆಳ್ಳಗಾಗುತ್ತಿತ್ತು, ಅವಳ ಕೈಯಲ್ಲಿ ಯಾವುದು ಹಳದಿ, ಯಾವುದು ಬಿಳಿ ಎಂದು ಆಗಲೇ ತಿಳಿಯುತ್ತಿತ್ತು.